ಯಾವ ಕಾರು ಕೊಳ್ಳಲಿ ಸಾರ್?

ಕಳೆದ ತಿಂಗಳು ವಿಜಯನಗರದ ಕಲ್ಯಾಣಮಂಟಪವೊಂದರಲ್ಲಿ ಊಟದ ಪಂಕ್ತಿಗಾಗಿ ಕಾಯುತ್ತ ಕುಳಿತಿದ್ದೆ. ಹಳೆಯ ವಿದ್ಯಾರ್ಥಿಯೊಬ್ಬರು ಬಂದು ನಮಸ್ಕರಿಸಿ, ಪಕ್ಕದ ಕುರ್ಚಿಯಲ್ಲಿ ಕುಳಿತು, ಕುಶಲಪ್ರಶ್ನೆ ಮುಗಿಯುತ್ತಿದ್ದಂತೆಯೇ ಕೇಳಿದರು: “ಸಾರ್, ಕಾರು ತಗೋಬೇಕು ಅಂತಿದೀನಿ. ಯಾವುದು ತಗೊಳ್ಲಿ?”

ಮೂವತ್ತನಾಲ್ಕು ವರ್ಷಗಳ ಕಾಲ ರಾಜಾಜಿನಗರದ ಪ್ರೌಢಶಾಲೆಯೊಂದರಲ್ಲಿ ಗಣಿತ, ವಿಜ್ಞಾನಗಳನ್ನು ಬೋಧಿಸಿ ನಿವೃತ್ತನಾದವನಿಗೆ ಈ ಪ್ರಶ್ನೆ ಏಕೆ ಬರುತ್ತದೆ ಎಂದು ನೀವು ಕೇಳಬಹುದು. ಕಾರಣ ನನ್ನ ಲೆಕ್ಕದ ಪುಸ್ತಕ. ಕಾರು ಕೊಂಡ ದಿನದಿಂದ ಅದಕ್ಕಾಗಿ ಖರ್ಚು ಮಾಡಿದ ಪ್ರತಿಯೊಂದು ರೂಪಾಯಿಯನ್ನೂ ನಾನು ಬರೆದಿಟ್ಟಿದ್ದೇನೆಂಬ ಸಂಗತಿ ನೆಂಟರಿಷ್ಟರಲ್ಲಿ ಒಂದು ಪರಿಹಾಸ್ಯದ ವಿಷಯವಾಗಿ, ಕಾಲಕ್ರಮದಲ್ಲಿ ಪಾಂಡಿತ್ಯವೆಂದು ಪರಿಗಣಿತವಾಗಿಬಿಟ್ಟಿದೆ! ಊಟಕ್ಕೆ ಕರೆ ಬಂದದ್ದರಿಂದ ಆ ದಿನ ಉತ್ತರ ಅರ್ಧಕ್ಕೆ ನಿಂತಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೊಂದರ ನಿವೇದನೆಯೂ ಇರುವುದರಿಂದ ಸ್ವಲ್ಪ ದೀರ್ಘವಾದೀತು, ಸಹಿಸಿಕೊಳ್ಳಿ.

ನಾನು ಕಾರು ಕೊಂಡದ್ದು 1999ರಲ್ಲಿ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಮಾರುತಿ 800. 1983ರ ಡಿಸೆಂಬರಿನಲ್ಲಿ ಈ ಗಾಡಿ ಮೊದಲು ರಸ್ತೆಗಿಳಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಅದರ ಚಿತ್ರವಿದ್ದ ಪತ್ರಿಕೆ ಕೈಯಿಂದ ಕೈಗೆ ದಾಟಿದ್ದು ನನಗೆ ನೆನಪಿದೆ. ಅಲ್ಲಿಯವರೆಗೆ ಕಾರೆಂದರೆ ಅಂಬಾಸಿಡರ್ ಅಥವಾ ಫಿಯೆಟ್. ಅವೆರಡೂ ಡಾಕ್ಟರರಿಗೆ, ವಕೀಲರಿಗೆ, ಕಂಟ್ರಾಕ್ಟರರಿಗೆ. ಮೇಷ್ಟರಿಗೆ ಸೈಕಲ್ಲು, ಬಹಳವಾದರೆ ಒಂದು ಸ್ಕೂಟರು. ಹದಿನಾರು ವರ್ಷ ಕಾದು, ಸಹಕಾರಿ ಸಂಘದ ಸಾಲದ ಜೊತೆಗೆ ನನ್ನಾಕೆ ಚೀಟಿ ಹಾಕಿ ಕೂಡಿಸಿದ್ದ ಹಣವನ್ನು ಸೇರಿಸಿ ಕೊಂಡ ಗಾಡಿ ಅದು. ಮೂರು ಸಿಲಿಂಡರುಗಳ 796 ಸಿ.ಸಿ. ಇಂಜಿನ್, ನಾಲ್ಕು ಗೇರು, ಕಾರ್ಬುರೇಟರ್. ಧನುರ್ಮಾಸದ ಬೆಳಗಿನಲ್ಲಿ ಚೋಕ್ ಎಳೆದು, ಅದು ಕೆಮ್ಮಿ ಎಚ್ಚರಗೊಳ್ಳುವವರೆಗೆ ಕಾಯಬೇಕಾಗಿತ್ತು. ಬಸವೇಶ್ವರನಗರದ ನಮ್ಮ ಕ್ರಾಸಿನಲ್ಲಿ ಅದು ನಾಲ್ಕನೆಯ ಕಾರು. ಇಂದು ಅದೇ ಕ್ರಾಸಿನಲ್ಲಿ ನಾನೇ ಎಣಿಸಿದಂತೆ ನಲವತ್ತೇಳು ಇವೆ. ಮನೆಗಳಿರುವುದು ಮೂವತ್ತೊಂದು.

ಈಗ ಲೆಕ್ಕಕ್ಕೆ ಬರೋಣ.

ಇಪ್ಪತ್ತಾರು ವರ್ಷಗಳಲ್ಲಿ, ಪೆಟ್ರೋಲು ಮತ್ತು ವಿಮೆಯನ್ನು ಬಿಟ್ಟು, ರಿಪೇರಿ, ಟೈರು, ಬ್ಯಾಟರಿ, ಸರ್ವೀಸು, ಎರಡು ಬಾರಿಯ ಟಿಂಕರಿಂಗ್ ಮತ್ತು ಪೇಂಟಿಂಗ್ ಎಲ್ಲ ಸೇರಿ ನಾನು ಖರ್ಚು ಮಾಡಿದ್ದು ಮೂರು ಲಕ್ಷ ಹನ್ನೆರಡು ಸಾವಿರ ಚಿಲ್ಲರೆ. ವರ್ಷಕ್ಕೆ ಸರಾಸರಿ ಹನ್ನೆರಡು ಸಾವಿರ. ಇದರಲ್ಲಿ ಇಂಜಿನ್ನನ್ನು ಪೂರ್ತಿ ಬಿಚ್ಚಿ ಮಾಡಿದ ಕೆಲಸವೂ ಒಮ್ಮೆ ಸೇರಿದೆ. “ಹಳೇ ಕಾರು ಅಂದ್ರೆ ಆನೆ ಸಾಕಿದ ಹಾಗೆ” ಎಂದು ನನಗೆ ಬುದ್ಧಿ ಹೇಳಿದವರೆಲ್ಲರ ಮುಂದೆ ನಾನು ಇನ್ನೊಂದು ಲೆಕ್ಕ ಇಡುತ್ತಿದ್ದೆ. ವಿಮಾ ಕಂಪನಿಗಳು ಕಾರಿನ ಬೆಲೆಯನ್ನು ನಿಗದಿಪಡಿಸಲು ಬಳಸುವ ಸವಕಳಿ ಪಟ್ಟಿಯೊಂದಿದೆ. ಅದರ ಪ್ರಕಾರ ಆರು ತಿಂಗಳು ತುಂಬಿದ ಕಾರಿನ ಬೆಲೆ ನೂರಕ್ಕೆ 15ರಷ್ಟು ಇಳಿಯುತ್ತದೆ, ವರ್ಷ ದಾಟಿದರೆ 20ರಷ್ಟು, ಐದನೆಯ ವರ್ಷಕ್ಕೆ 50ರಷ್ಟು. ಎಂಟು ಲಕ್ಷದ ಕಾರು ಕೊಂಡವನು ಐದು ವರ್ಷಗಳಲ್ಲಿ, ಒಂದು ನಟ್ಟೂ ಸಡಿಲವಾಗದಿದ್ದರೂ, ನಾಲ್ಕು ಲಕ್ಷ ಕಳೆದುಕೊಳ್ಳುತ್ತಾನೆ. ಅಂದರೆ ವರ್ಷಕ್ಕೆ ಎಂಬತ್ತು ಸಾವಿರ. ಈ ಎಂಬತ್ತು ಸಾವಿರಕ್ಕೆ ಬಿಲ್ಲು ಬರುವುದಿಲ್ಲ, ಆದ್ದರಿಂದ ಯಾರಿಗೂ ನೋವಾಗುವುದಿಲ್ಲ. ಗ್ಯಾರೇಜಿನ ನಾಲ್ಕು ಸಾವಿರಕ್ಕೆ ಬಿಲ್ಲು ಬರುತ್ತದೆ. ಆಗ ಮಾತ್ರ “ಈ ಗಾಡಿ ಮಾರಿಬಿಡೋಣ” ಎನ್ನುತ್ತೇವೆ.

ಈ ಮಾತನ್ನು ನಾನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ಸುಸ್ಥಿತಿಯಲ್ಲಿರುವ ಕಾರನ್ನು ಐದಾರು ವರ್ಷಕ್ಕೇ ಬೇಸರ ಬಂತೆಂದು ಬದಲಾಯಿಸುವುದು ಸಂಬಳದ ಮೇಲೆ ಬದುಕುವವರು ಮಾಡಬಾರದ ಕೆಲಸ. ಬ್ಯಾಂಕಿನವರು ಏಳು ವರ್ಷದ ಸಾಲ ಕೊಡುತ್ತಾರೆಂದು ಆರನೆಯ ವರ್ಷದಲ್ಲಿ ಹೊಸ ಕಾರಿಗೆ ಹೊರಡುವವರನ್ನು ನಾನು ಬಲ್ಲೆ.

ಕಾರು ಹೀಗೆ ಬಾಳಿಕೆ ಬರಬೇಕಾದರೆ ಕಂಪನಿಗಿಂತ ಮೆಕ್ಯಾನಿಕ್ ಮುಖ್ಯ. ನನ್ನ ಮೆಕ್ಯಾನಿಕ್ ಕಾಮಾಕ್ಷಿಪಾಳ್ಯದಲ್ಲಿದ್ದಾನೆ. ನನ್ನದೇ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಅನುತ್ತೀರ್ಣನಾದವನು. ಅದರಲ್ಲಿ ನನ್ನ ಪಾಲೂ ಇದ್ದೀತು. ಇಂದು ಇಂಜಿನ್ನಿನ ಸದ್ದು ಕೇಳಿ ರೋಗ ಹೇಳಬಲ್ಲ. ಅವನಿಂದ ನಾನು ಕಲಿತದ್ದು ಮೂರ್ನಾಲ್ಕು ಸಂಗತಿ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆದುಕೊಳ್ಳಬೇಕು. ಹೊಸ ಭಾಗದ ಡಬ್ಬಿಯನ್ನು ನೋಡಬೇಕು, ಸಂಶಯವಿದ್ದರೆ ಜೆ.ಸಿ. ರಸ್ತೆಗೆ ನಾವೇ ಹೋಗಿ ತರಬೇಕು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ: 1419 ಎಂದಿದ್ದರೆ 2019ನೆಯ ಇಸವಿಯ ಹದಿನಾಲ್ಕನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಅಂಗಡಿಯಲ್ಲಿ ಹೊಸತೆಂದು ಕೊಡುವ ಟೈರು ಮೂರು ವರ್ಷದ ಹಳತಾಗಿರಬಹುದು, ಓದಿ ತೆಗೆದುಕೊಳ್ಳಿ. ಮತ್ತು, “ಸಾರ್, ಗಾಡಿ ನಿಂತ್ರೆ ಕೆಡತ್ತೆ, ಓಡಿದ್ರೆ ಕೆಡಲ್ಲ” ಎಂಬುದು ಅವನು ಬಂದಾಗಲೆಲ್ಲ ಹೇಳುವ ಮಾತು.

ಈ ಕೊನೆಯ ಮಾತಿನ ಸತ್ಯ ನನಗೆ ಅರಿವಾದದ್ದು 2021ರ ನಂತರ. ಆ ವರ್ಷದ ಆಗಸ್ಟಿನಲ್ಲಿ ಮೆಟ್ರೋ ಕೆಂಗೇರಿಯವರೆಗೆ ಓಡತೊಡಗಿತು. ಮಗಳ ಮನೆ ಕೆಂಗೇರಿ ಉಪನಗರದಲ್ಲಿದೆ. ಅದುವರೆಗೆ ಮೈಸೂರು ರಸ್ತೆಯ ನಾಯಂಡಹಳ್ಳಿಯಲ್ಲಿ ಕ್ಲಚ್ ಒತ್ತಿ ಒತ್ತಿ ಎಡಗಾಲು ಸೋಲುತ್ತಿದ್ದ ನಮಗೆ, ಹೊಸಹಳ್ಳಿ ನಿಲ್ದಾಣದಲ್ಲಿ ಹತ್ತಿ ಕೂತು ಹೋಗುವ ಸುಖ ಸಿಕ್ಕಿತು. ಪರಿಣಾಮವಾಗಿ ಕಾರು ವಾರಗಟ್ಟಲೆ ನಿಂತಲ್ಲೇ ನಿಂತಿತು. ಬ್ಯಾಟರಿ ಸತ್ತಿತು. ಇಲಿಗಳು ಬಾನೆಟ್ಟಿನೊಳಗೆ ಸಂಸಾರ ಹೂಡಿದವು. ನಮ್ಮ ಹಳೆಯ ಗಾಡಿಯ ನಾಲ್ಕು ವೈರುಗಳಿಗೆ ಆರು ನೂರು ರೂಪಾಯಿ ಆಯಿತು. ಎದುರು ಮನೆಯವರ ಹೊಸ ಕಾರಿನಲ್ಲಿ ಅದೇ ಇಲಿಗಳು (ಅದೇ ಕುಟುಂಬದ್ದೆಂದೇ ನನ್ನ ಊಹೆ) ವೈರಿಂಗ್ ಕಡಿದಾಗ ಬಿಲ್ಲು ನಲವತ್ತು ಸಾವಿರ ಮುಟ್ಟಿತು. ಹೊಗೆಸೊಪ್ಪಿನ ಕಡ್ಡಿಯನ್ನು ಬಟ್ಟೆಯಲ್ಲಿ ಕಟ್ಟಿ ಬಾನೆಟ್ಟಿನೊಳಗೆ ಇಡಿ ಎಂದು ತರಕಾರಿಯಾಕೆ ಹೇಳಿದ ಉಪಾಯ ನಮ್ಮಲ್ಲಿ ಫಲಿಸಿದೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸುವುದು ಅದಕ್ಕಿಂತಲೂ ಒಳ್ಳೆಯದು.

ಮೆಟ್ರೋ ಬಂದಮೇಲೆ ಕಾರೇ ಬೇಡವೆಂದು ವಾದಿಸುವವರಿದ್ದಾರೆ. ಅವರು ಮೊಣಕಾಲು ನೋವಿರುವ ಹೆಂಡತಿಯನ್ನು ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆಗೆ ಕರೆದೊಯ್ಯಲು ಆ್ಯಪಿನಲ್ಲಿ ಆಟೋ ಕರೆದು, ಒಬ್ಬೊಬ್ಬನೂ ರದ್ದು ಮಾಡುವುದನ್ನು ನೋಡುತ್ತ ನಿಂತವರಲ್ಲ. ನನ್ನ ವಾದ ಕಾರು ಬೇಡವೆಂಬುದಲ್ಲ, ಸಣ್ಣ ಕಾರು ಸಾಕೆಂಬುದು.

ಈ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ನಮ್ಮ ಈ ಪಶ್ಚಿಮ ಭಾಗದ ಬಡಾವಣೆಗಳು ಹುಟ್ಟಿದ್ದು ಬೇರೆಯೇ ಕಾಲದಲ್ಲಿ. ರಾಜಾಜಿನಗರ ರೂಪುಗೊಂಡದ್ದು 1940ರ ದಶಕದ ಕೊನೆಯಲ್ಲಿ, ಕೈಗಾರಿಕೆಗಳ ಜೊತೆಜೊತೆಗೆ. ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗಿಬರುವ ಕಾರ್ಮಿಕ, ಗುಮಾಸ್ತ, ಮೇಷ್ಟರು ಇಪ್ಪತ್ತು ಮೂವತ್ತರ, ಮೂವತ್ತು ನಲವತ್ತರ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡರು. ಮನೆ ಮುಂದೆ ಒಂದು ತುಳಸಿಕಟ್ಟೆ, ಒಂದು ದಾಸವಾಳ, ಒಂದು ಸೈಕಲ್ಲು. ಆಮೇಲೆ ಅದೇ ನಿವೇಶನಗಳ ಮೇಲೆ ಮೂರು, ನಾಲ್ಕು ಅಂತಸ್ತು ಎದ್ದವು. ಪ್ರತಿ ಅಂತಸ್ತಿಗೆ ಒಂದೊಂದು ಕಾರು ಬಂದಿತು. ರಸ್ತೆ ಮಾತ್ರ ಆಗಿನಷ್ಟೇ ಇದೆ. ಮಾರುತಿ 800ರ ಉದ್ದ ಸುಮಾರು 3.3 ಮೀಟರ್, ಅಗಲ ಒಂದೂವರೆ ಮೀಟರಿಗೂ ಕಡಿಮೆ. ಇಂದು ಎಲ್ಲರೂ ಆಸೆಪಡುವ ಎಸ್‌ಯುವಿಗಳು ಸುಮಾರಾಗಿ 4.3 ಮೀಟರ್ ಉದ್ದ, 1.8 ಮೀಟರ್ ಅಗಲ. ಎರಡೂ ಬದಿಗೆ ಇಂಥ ಒಂದೊಂದು ಗಾಡಿ ನಿಂತ ಕ್ರಾಸಿನಲ್ಲಿ ಆಂಬುಲೆನ್ಸ್ ಹೇಗೆ ನುಗ್ಗಬೇಕು? ಎರಡು ವರ್ಷದ ಹಿಂದೆ ನಮ್ಮ ಕ್ರಾಸಿನ ಹಿರಿಯರೊಬ್ಬರನ್ನು ಸ್ಟ್ರೆಚರಿನ ಮೇಲೆ ಮುಖ್ಯರಸ್ತೆಯವರೆಗೆ ಹೊತ್ತುಕೊಂಡೇ ಹೋಗಬೇಕಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ದುಡ್ಡಿಗೆ ಮಾತ್ರ ಅನ್ವಯಿಸುತ್ತೇವೆ. ಬೀದಿಗೂ ಅದು ಅನ್ವಯಿಸುತ್ತದೆ.

“ಸಾರ್, ವರ್ಷಕ್ಕೆರಡು ಸಲ ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಏಳು ಜನ ಹೋಗ್ತೀವಲ್ಲ, ಅದಕ್ಕೆ ದೊಡ್ಡದು ಬೇಕು” ಎನ್ನುತ್ತಾರೆ. ವರ್ಷದಲ್ಲಿ ಐದು ದಿನದ ಪ್ರಯಾಣಕ್ಕಾಗಿ ಮುನ್ನೂರ ಅರವತ್ತು ದಿನ ದೊಡ್ಡ ಗಾಡಿಯನ್ನು ಹವನೂರು ಸರ್ಕಲ್ಲಿನಲ್ಲಿ ಸುತ್ತಿಸುವುದು ಯಾವ ಲೆಕ್ಕ? ಆ ಐದು ದಿನಕ್ಕೆ ಡ್ರೈವರ್ ಸಮೇತ ಬಾಡಿಗೆ ಗಾಡಿ ತೆಗೆದುಕೊಳ್ಳಿ, ಹಿಂದೆ ಕುಳಿತು ಶಿರಾಡಿ ಘಾಟಿ ನೋಡಿಕೊಂಡು ಹೋಗಿ.

ಮಳೆಯ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದು ವಿಜ್ಞಾನದ ಪಾಠ. 2022ರ ಮಳೆಗಾಲದಲ್ಲಿ ನಮ್ಮ ನೆರೆಯವರು ಮಾಗಡಿ ರಸ್ತೆಯ ಕಡೆಯಿಂದ ಬರುವಾಗ ಮೊಣಕಾಲೆತ್ತರದ ನೀರಿನಲ್ಲಿ ಗಾಡಿ ಆಫ್ ಆಯಿತು. ಅವರು ಗಾಬರಿಯಿಂದ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರು. ಅನಿಲವನ್ನು ಒತ್ತಿ ಕುಗ್ಗಿಸಬಹುದು, ದ್ರವವನ್ನು ಕುಗ್ಗಿಸಲಾಗದು ಎಂಬುದನ್ನು ಎಂಟನೆಯ ತರಗತಿಯಲ್ಲಿ ಇಂಜೆಕ್ಷನ್ ಸಿರಿಂಜು ಹಿಡಿದು ನಿಮಗೆಲ್ಲ ತೋರಿಸಿದ್ದೇನೆ, ನೆನಪಿದೆಯೇ? ಗಾಳಿ ಹೋಗಬೇಕಾದ ದಾರಿಯಲ್ಲಿ ಸಿಲಿಂಡರಿನೊಳಗೆ ನೀರು ಸೇರಿದ್ದಾಗ ಪಿಸ್ಟನ್ ಮೇಲೆ ಬಂದರೆ ನೀರು ಜಗ್ಗುವುದಿಲ್ಲ, ಪಿಸ್ಟನ್ನಿಗೆ ಜೋಡಿಸಿದ ರಾಡು ಬಗ್ಗುತ್ತದೆ. ಖರ್ಚು ಲಕ್ಷ ದಾಟಿತು. ನೀರಿನಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿ ಇದು, ಸಾಮಾನ್ಯ ಪಾಲಿಸಿಯಲ್ಲಿ ಬರುವುದಿಲ್ಲವೆಂದು ವಿಮೆಯವರು ಕೈಯಾಡಿಸಿದರು. ಇಂಜಿನ್ ರಕ್ಷಣೆಗೆಂದು ಪ್ರತ್ಯೇಕ ಸೇರ್ಪಡೆ ಇದೆ, ನಮ್ಮ ಊರಿನಲ್ಲಿ ಅದು ದಂಡದ ಖರ್ಚಲ್ಲ. ಗಾಡಿ ನೀರಿನಲ್ಲಿ ನಿಂತರೆ ಕೀಲಿ ಮುಟ್ಟಬೇಡಿ, ಇಳಿದು ಬನ್ನಿ, ತಳ್ಳಿಸಿ. ಕೆಳಸೇತುವೆಯಲ್ಲಿ ನೀರು ನಿಂತಿದ್ದರೆ ಆಳ ಪರೀಕ್ಷಿಸುವ ಸಾಹಸವೇ ಬೇಡ. 2023ರ ಮೇ 21ರಂದು ಕೆ.ಆರ್. ಸರ್ಕಲ್ ಕೆಳಸೇತುವೆಯಲ್ಲಿ ಕಾರಿನೊಳಗೆ ನೀರು ತುಂಬಿ ಒಬ್ಬ ತರುಣಿ ಪ್ರಾಣ ಕಳೆದುಕೊಂಡದ್ದು ವಿಧಾನಸೌಧದಿಂದ ಕೂಗಳತೆಯ ದೂರದಲ್ಲಿ.

ಇನ್ನು ನನ್ನ ತಪ್ಪಿನ ಕಥೆ.

ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಬಳಿಕ ಐದೈದು ವರ್ಷಕ್ಕೊಮ್ಮೆ ಆರ್‌ಟಿಓಗೆ ಒಯ್ದು ತೋರಿಸಿ, ಹಸಿರು ತೆರಿಗೆ ಕಟ್ಟಿ ನವೀಕರಿಸಬೇಕು. ದೆಹಲಿಯ ಸುತ್ತಮುತ್ತಲಿನಂತೆ ನಮ್ಮಲ್ಲಿ ಖಾಸಗಿ ಕಾರಿಗೆ ವಯಸ್ಸಾಯಿತೆಂದು ರಸ್ತೆಯಿಂದ ಹೊರಹಾಕುವ ನಿಯಮವಿಲ್ಲ. 2014ರಲ್ಲಿ, 2019ರಲ್ಲಿ ನವೀಕರಿಸಿದೆ. 2022ರ ಏಪ್ರಿಲಿನಿಂದ ಕೇಂದ್ರ ಸರ್ಕಾರ ಈ ಶುಲ್ಕವನ್ನು ಆರು ನೂರರಿಂದ ಐದು ಸಾವಿರಕ್ಕೆ ಏರಿಸಿತ್ತು. 2024ರಲ್ಲಿ ಮಗ ಫೋನಿನಲ್ಲಿ, “ಸಾಕು ಬಿಡಿ ಅಪ್ಪ, ಹೊಸದು ತಗೊಳ್ಳೋಣ, ನಾನು ಕೊಡಿಸ್ತೀನಿ” ಎಂದ. ನಾನು ಲೆಕ್ಕದ ಪುಸ್ತಕ ತೆರೆದೆ. ಐದು ಸಾವಿರವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಒಂದು ಸಾವಿರ. ಹಠದಿಂದ ನವೀಕರಿಸಿದೆ. (2025ರಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದೂ ಹತ್ತು ಸಾವಿರವಾಯಿತು.)

2025ರ ಬೇಸಿಗೆಯಲ್ಲಿ ಗಾಡಿಯೊಳಗೆ ಪೆಟ್ರೋಲಿನ ವಾಸನೆ ಶುರುವಾಯಿತು. ಆ ಹೊತ್ತಿಗೆ ಬಂಕುಗಳಲ್ಲಿ ಸಿಗುತ್ತಿದ್ದುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲು. ಎಥನಾಲಿಗೆ ತೇವ ಹೀರುವ ಗುಣವಿದೆ. ಅದಕ್ಕೆಂದು ತಯಾರಾಗದ ಹಳೆಯ ರಬ್ಬರನ್ನು ಉಬ್ಬಿಸಿ ಬಿರಿಯುವಂತೆ ಮಾಡುತ್ತದೆ. ಲೀಟರೊಂದರಲ್ಲಿರುವ ಶಕ್ತಿಯೂ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ, ಆದ್ದರಿಂದ ಮೈಲೇಜೂ ಕುಗ್ಗುತ್ತದೆ. ಆದರೆ ಆ ಪೈಪಿಗೆ ವಯಸ್ಸೂ ಆಗಿತ್ತು. ತಪ್ಪು ಯಾರದೆಂದು ಖಚಿತವಾಗಿ ಹೇಳಲಾರೆ. ಶಿಷ್ಯ ಪೈಪು ಬದಲಾಯಿಸಿದ. ಪುಸ್ತಕದಲ್ಲಿ ಎಂಟು ನೂರ ಐವತ್ತು ಎಂದು ಬರೆದೆ. ಲೆಕ್ಕ ಇನ್ನೂ ನನ್ನ ಪರವಾಗಿಯೇ ಇತ್ತು.

ಜೂನ್ ತಿಂಗಳ ಒಂದು ಭಾನುವಾರ ಮೊಮ್ಮಗಳನ್ನು ಕೆಂಗೇರಿಯಿಂದ ಕರೆತರುತ್ತಿದ್ದೆ. ಅವಳ ಬಳಿ ದೊಡ್ಡ ಚೀಲವಿದ್ದುದರಿಂದ ಅಂದು ಮೆಟ್ರೋ ಬೇಡವೆಂದು ಕಾರು ತಂದಿದ್ದೆ. ನಾಯಂಡಹಳ್ಳಿಯ ಬಳಿ ಮುಂದಿದ್ದ ಟೆಂಪೊ ಒಮ್ಮೆಲೇ ನಿಂತಿತು. ನಾನೂ ಬ್ರೇಕ್ ಒತ್ತಿದೆ. ನನ್ನ ವೇಗ ಮೂವತ್ತಕ್ಕಿಂತ ಹೆಚ್ಚಿರಲಿಲ್ಲ, ಟೆಂಪೊಗೆ ತಾಗಲೂ ಇಲ್ಲ. ಆದರೆ ಹಿಂದೆ ಕುಳಿತಿದ್ದ ಏಳು ವರ್ಷದ ಮಗು ಆಸನದಿಂದ ಜಾರಿ, ಮುಂದಿನ ಸೀಟಿನ ಕಬ್ಬಿಣಕ್ಕೆ ಮುಖ ಹೊಡೆದುಕೊಂಡಿತು. ತುಟಿ ಸೀಳಿತು. ಎರಡು ಹೊಲಿಗೆ.

ನನ್ನ ಗಾಡಿಯ ಹಿಂದಿನ ಆಸನಕ್ಕೆ ಬೆಲ್ಟೇ ಇರಲಿಲ್ಲ. ಅದು ತಯಾರಾದ ಕಾಲದಲ್ಲಿ ಯಾರೂ ಕೇಳುತ್ತಲೂ ಇರಲಿಲ್ಲ.

ಮಗಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಕ್ಲಿನಿಕ್ಕಿನಿಂದ ಹೊರಬರುವಾಗ ಮೊಮ್ಮಗಳು ಊದಿದ ತುಟಿಯಲ್ಲೇ ಕೇಳಿದಳು: “ಅಪ್ಪನ ಕಾರಲ್ಲಿ ಹಿಂದೆನೂ ಬೆಲ್ಟ್ ಇದೆ. ನಿಮ್ಮ ಕಾರಲ್ಲಿ ಯಾಕಿಲ್ಲ ತಾತ?”

ವಿದ್ಯಾರ್ಥಿ ಮಿತ್ರರೇ, ನ್ಯೂಟನ್ನನ ಮೊದಲನೆಯ ನಿಯಮವನ್ನು ನಾನು ನಿಮಗೆ ಹೇಗೆ ಬೋಧಿಸುತ್ತಿದ್ದೆ? “ಚಲಿಸುತ್ತಿರುವ ಬಸ್ಸು ಥಟ್ಟನೆ ನಿಂತಾಗ ಪ್ರಯಾಣಿಕರು ಮುಂದಕ್ಕೆ ಬೀಳುತ್ತಾರೆ, ಇದೇ ಚಲನೆಯ ಜಡತ್ವ.” ಮೂವತ್ತನಾಲ್ಕು ವರ್ಷ ಈ ಉದಾಹರಣೆ ಕೊಟ್ಟು, ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಕೇಳಿ, ಬರೆಯದವರ ಕಿವಿ ಹಿಂಡಿದವನು ನಾನು. 2022ರ ಸೆಪ್ಟೆಂಬರಿನಲ್ಲಿ ಹಿಂದಿನ ಆಸನದಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡಾಗ ಪತ್ರಿಕೆ ಓದಿ, “ಅದು ಹೆದ್ದಾರಿಯ ಮಾತು, ನಮ್ಮ ಊರಲ್ಲಿ ಆ ವೇಗ ಎಲ್ಲಿ?” ಎಂದು ಮಡಚಿಟ್ಟಿದ್ದೆ. ನನ್ನ ಪುಸ್ತಕದಲ್ಲಿ ಪೆಟ್ರೋಲಿಗೊಂದು, ರಿಪೇರಿಗೊಂದು, ವಿಮೆಗೊಂದು ಕಲಂ ಇತ್ತು. ಹಿಂದೆ ಕೂರುವ ಮಗುವಿಗೆ ಇರಲಿಲ್ಲ.

ಬೆಲ್ಟ್ ಹಾಕಿಸಿಬಿಡೋಣವೆಂದು ಮರುದಿನವೇ ಕಾಮಾಕ್ಷಿಪಾಳ್ಯಕ್ಕೆ ಹೋದೆ. ಶಿಷ್ಯ ಹಿಂದಿನ ಸೀಟನ್ನೆತ್ತಿ, ತಳದ ತಗಡನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ತೋರಿಸಿದ. “ಬೆಲ್ಟ್ ಹಾಕೋದು ಕಷ್ಟ ಅಲ್ಲ ಸಾರ್. ಅದನ್ನ ಹಿಡ್ಕೊಳ್ಳೋ ತಗಡು ಗಟ್ಟಿ ಇರ್ಬೇಕಲ್ಲ? ತುಕ್ಕು ಬಂದಿದೆ ನೋಡಿ. ಹಾಕಿದ್ರೆ ಇದೆ ಅಂತ ಸಮಾಧಾನ ಅಷ್ಟೇ.” ಗಣಿತದಲ್ಲಿ ಅವನನ್ನು ಅನುತ್ತೀರ್ಣ ಮಾಡಿದವರು ಯಾರೋ!

ಆದ್ದರಿಂದ ಹಳೆಯ ಕಾರನ್ನು ಉಳಿಸಿಕೊಳ್ಳಿ ಎಂಬ ನನ್ನ ಮಾತಿಗೆ ಈಗ ಒಂದು ಗೆರೆ ಎಳೆಯುತ್ತೇನೆ. ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳಿಗೆ 2019ರ ಏಪ್ರಿಲಿನಿಂದ ಎಬಿಎಸ್ ಬ್ರೇಕು, ಆ ವರ್ಷದ ಜುಲೈಯಿಂದ ಚಾಲಕನಿಗೆ ಗಾಳಿಚೀಲ, 2022ರ ಜನವರಿಯಿಂದ ಮುಂದಿನ ಇಬ್ಬರಿಗೂ ಗಾಳಿಚೀಲ ಕಡ್ಡಾಯವಾಗಿವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಇಸವಿಗಳನ್ನು ನೆನಪಿಡಿ. ಹತ್ತು ವರ್ಷದ ದೊಡ್ಡ ಕಾರಿಗಿಂತ ಮೂರು ವರ್ಷದ ಸಣ್ಣ ಕಾರು ಮೇಲು. ಎಥನಾಲಿನ ಚಿಂತೆಯೂ ಬೇಡವೆಂದರೆ 2023ರ ಏಪ್ರಿಲಿನ ನಂತರ ತಯಾರಾದದ್ದನ್ನು ನೋಡಿ. ಹಿಂದಿನವರ ಸಾಲ ತೀರಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗಿದೆಯೇ, ಟ್ರಾಫಿಕ್ ದಂಡ ಬಾಕಿಯಿದೆಯೇ ಎಂಬುದನ್ನೂ ಪರಿಶೀಲಿಸಿ. (2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಘೋಷಿಸಿದಾಗ ಜನ ಆಷಾಢ ಸೇಲಿನಂತೆ ಮುಗಿಬಿದ್ದದ್ದನ್ನು ನೋಡಿದರೆ, ಬಾಕಿಯಿಲ್ಲದ ಗಾಡಿಯೇ ಈ ಊರಿನಲ್ಲಿ ಅಪರೂಪವೆನ್ನಿಸುತ್ತದೆ.) ಗಾಡಿ ನಿಮ್ಮ ಹೆಸರಿಗಾದ ಹದಿನಾಲ್ಕು ದಿನದೊಳಗೆ ವಿಮೆಯನ್ನೂ ವರ್ಗಾಯಿಸಿಕೊಳ್ಳಿ. ಮಾರಿದವರು ತಮ್ಮ ‘ನೋ ಕ್ಲೇಮ್ ಬೋನಸ್’ ಅನ್ನು ಕೇಳಿ ಪಡೆಯಿರಿ. ಅದು ಗಾಡಿಗೆ ಸೇರಿದ್ದಲ್ಲ, ನಿಮಗೆ ಸೇರಿದ್ದು. ಮುಂದಿನ ಗಾಡಿಯ ವಿಮೆಯಲ್ಲಿ ನೂರಕ್ಕೆ ಐವತ್ತರವರೆಗೂ ಉಳಿಯುತ್ತದೆ. ಎಷ್ಟೋ ಜನ ಅದನ್ನು ಗಾಡಿಯ ಜೊತೆಗೇ ಬಿಟ್ಟುಕೊಡುತ್ತಾರೆ.

ನಾನು ಹೊಸದನ್ನೇ ಕೊಂಡೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿ.ಸಿ. ಮೀರದ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು ಒಂದು ಕಾರಣ. ಷೋರೂಮಿನ ಹುಡುಗ ವಿನಯವಂತ, ಆದರೆ ಮತ್ತೆ ಮತ್ತೆ ದೊಡ್ಡ ಗಾಡಿಯ ಕಡೆಗೇ ನನ್ನನ್ನು ನಡೆಸುತ್ತಿದ್ದ. ನಾನು ಜೇಬಿನಿಂದ ಅಳತೆಯ ಟೇಪು ತೆಗೆದೆ. ನಮ್ಮ ಗೇಟಿನ ಅಗಲ ನನಗೆ ಬಾಯಿಪಾಠವಿತ್ತು. ಮುಂದೆ ಕೊಳ್ಳುವವರಿಗೆ ನನ್ನ ಸಲಹೆಯೂ ಇಷ್ಟೇ: ಟೆಸ್ಟ್ ಡ್ರೈವನ್ನು ಕಾರ್ಡ್ ರಸ್ತೆಯಲ್ಲಿ ಮಾಡಬೇಡಿ, ನಿಮ್ಮ ಕ್ರಾಸಿಗೇ ತಂದು ನಿಮ್ಮ ಗೇಟಿನೊಳಗೆ ನಿಲ್ಲಿಸಿ ನೋಡಿ. ಅವರು ಕೊಟ್ಟ ಪಟ್ಟಿಯಲ್ಲಿ ‘ಹ್ಯಾಂಡ್ಲಿಂಗ್’ ಎಂಬ ಒಂದು ಸಾಲಿತ್ತು. “ಇದು ಯಾವ ಕೆಲಸಕ್ಕಪ್ಪ?” ಎಂದು ಕೇಳಿದೆ. ಸಾಲು ಮಾಯವಾಯಿತು. ವಿಮೆಯನ್ನು ಅಲ್ಲೇ ಕೊಳ್ಳಬೇಕೆಂಬ ಕಟ್ಟಳೆಯಿಲ್ಲ. ಹೊರಗೆ ವಿಚಾರಿಸಿದ್ದರಿಂದ ಒಂಬತ್ತು ಸಾವಿರ ಉಳಿಯಿತು. ಸರ್ಕಾರದ ಜೀವಿತಾವಧಿ ತೆರಿಗೆಯ ವಿಷಯದಲ್ಲಿ ಮಾತ್ರ ಯಾರ ಚೌಕಾಸಿಯೂ ನಡೆಯದು.

ಹಳೆಯ ಗಾಡಿಯನ್ನು ಏನು ಮಾಡುವುದು? ಪಕ್ಕದ ಕ್ರಾಸಿನವರೊಬ್ಬರು ಮಗನಿಗೆ ಡ್ರೈವಿಂಗ್ ಕಲಿಸಲೆಂದು ಮೂವತ್ತೈದು ಸಾವಿರಕ್ಕೆ ಕೇಳಿದರು. ನನ್ನ ಮೊಮ್ಮಗಳಿಗೆ ಆಗದ ಗಾಡಿಯಲ್ಲಿ ಇನ್ನೊಬ್ಬರ ಮಗನನ್ನು ಹೇಗೆ ಕೂರಿಸಲಿ? ಕೊಡಲಿಲ್ಲ. “ಅವರು ಗೊತ್ತಿದ್ದೇ ಕೇಳ್ತಿದಾರೆ, ನಿಮಗ್ಯಾಕ್ರೀ ಚಿಂತೆ?” ಎಂದು ನನ್ನಾಕೆ; “ಇಂಜಿನ್ ಇನ್ನೂ ಹತ್ತು ವರ್ಷ ಓಡತ್ತೆ ಸಾರ್” ಎಂದು ಶಿಷ್ಯ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದರೂ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಪ್ರಮಾಣಪತ್ರ ಪಡೆದು, ಆರ್‌ಸಿ ರದ್ದು ಮಾಡಿಸಿದೆ. ಸಿಕ್ಕ ಹಣ ಅದರ ಅರ್ಧಕ್ಕೂ ಕಡಿಮೆ. ಒಂದು ಎಚ್ಚರಿಕೆ: ಗಾಡಿಯನ್ನು ಬಾಯಿಮಾತಿನಲ್ಲಿ ಯಾರಿಗೂ ಕೊಡಬೇಡಿ. ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ.

ಕೇಂದ್ರದವರು ಗಾಡಿಯನ್ನು ಎಳೆದೊಯ್ಯಲು ಲಾರಿ ತಂದಿದ್ದರು. ಬೇಡವೆಂದು ನಾನೇ ಓಡಿಸಿಕೊಂಡು ಹೋದೆ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಹೊಸ ಗಾಡಿಗೆ ಈಗ ನಾಲ್ಕು ತಿಂಗಳು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಕತ್ತಲಾದ ನಂತರ ನಾನು ಓಡಿಸುವುದಿಲ್ಲ. ಮೊಮ್ಮಗಳು ಹತ್ತಿದೊಡನೆ ತಾನೇ ಬೆಲ್ಟ್ ಎಳೆದು, “ತಾತ, ನಿಮ್ಮದು?” ಎಂದು ಕೇಳುತ್ತಾಳೆ. ಎಡಗಡೆಯ ಹಿಂದಿನ ಬಾಗಿಲಿನಿಂದ ಏನೋ ಕಿರ್ರೆನ್ನುವ ಸದ್ದು ಬರುತ್ತಿದೆ. ವಾರಂಟಿ ಇದೆ, ಷೋರೂಮಿಗೇ ಒಯ್ಯಬೇಕು ನಿಜ. ಆದರೂ ಶನಿವಾರ ಒಮ್ಮೆ ಕಾಮಾಕ್ಷಿಪಾಳ್ಯಕ್ಕೆ ಹೋಗಿ ಕೇಳಿಸಿಕೊಂಡು ಬರೋಣವೆಂದಿದ್ದೇನೆ.